ಫೋಲ್ಡರ್ ಬಿಡಿ, ಹೆಸರು ಬರೀರಿ

ಫೋನ್ ಸ್ಟೋರೇಜ್ ಫುಲ್ ಆದಾಗ ಹಾಸ್ಟೆಲ್‌ನಲ್ಲಿ ಎಲ್ಲರೂ ಮಾಡೋದು ಒಂದೇ ಕೆಲಸ. ಭಾನುವಾರ ಕೂತು ಫೋಲ್ಡರ್ ಮಾಡೋದು. 'ಫ್ಯಾಮಿಲಿ', 'ಫ್ರೆಂಡ್ಸ್', 'ಟ್ರಿಪ್', ಆಮೇಲೆ 'ಟ್ರಿಪ್ ನ್ಯೂ', ಕೊನೆಗೆ 'ಅದರ್ಸ್'. ನನ್ನ ಪ್ರಕಾರ ಇದು ಟೈಮ್ ವೇಸ್ಟ್. ಅಣ್ಣನ ಜೊತೆ ಬೀದರ್ ಕೋಟೆಗೆ ಹೋದ ಫೋಟೋ ಫ್ಯಾಮಿಲಿನೋ, ಟ್ರಿಪ್ಪೋ? ವರ್ಷ, ತಿಂಗಳ ಪ್ರಕಾರ ಇಟ್ಟರೆ ಸಾಕು. ಉಳಿದದ್ದನ್ನ ಸರ್ಚ್ ನೋಡಿಕೊಳ್ಳುತ್ತೆ. ಗೂಗಲ್ ಫೋಟೋಸ್‌ನಲ್ಲಿ ನಾಯಿ, ಕೇಕ್, ಬೀಚ್ ಅಂತ ಟೈಪ್ ಮಾಡಿದ್ರೆ ಸಿಗುತ್ತೆ, ಒಂದೇ ಮುಖದ ಫೋಟೋಗಳನ್ನ ಅದೇ ಗುಂಪು ಮಾಡಿ ಕೊಡುತ್ತೆ.

ಆದರೆ ಸರ್ಚ್‌ಗೆ ಕಾಣೋದಷ್ಟೇ ಗೊತ್ತು. ಸೀರೆ ಉಟ್ಟ ಹೆಂಗಸು ಅಂತ ಗೊತ್ತು, ಆಕೆ ಯಾರು ಅಂತ ಗೊತ್ತಿಲ್ಲ.

ನಮ್ಮೂರು ಬಸವಕಲ್ಯಾಣ ತಾಲ್ಲೂಕಿನ ರಾಜೇಶ್ವರ. ಮನೆಯ ಟ್ರಂಕಿನಲ್ಲಿ ಸುಮಾರು ಇನ್ನೂರು ಹಳೇ ಫೋಟೋ ಇವೆ. ಹೋದ ವರ್ಷ ಕಾಕಾ ಅವನ್ನೆಲ್ಲ ಫೋನ್‌ನಲ್ಲಿ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದರು. ಒಳ್ಳೇ ಕೆಲಸವೇ. ಈಗ ನನ್ನ ಗ್ಯಾಲರಿಯಲ್ಲಿ ಮುತ್ಯಾನ ಮದುವೆ ಹೋದ ವರ್ಷದ್ದು! ಯಾಕಂದ್ರೆ ಕ್ಯಾಮೆರಾ ಪ್ರತಿ ಫೋಟೋ ಒಳಗೆ ತಾರೀಖು, ಟೈಮ್, ಜಿಪಿಎಸ್ ಇದ್ದರೆ ಜಾಗವನ್ನೂ ಬರೆದಿಡುತ್ತೆ. ಅದಕ್ಕೆ ಎಕ್ಸಿಫ್ ಅಂತಾರೆ. ಹಳೇ ಪ್ರಿಂಟ್‌ನ ಫೋಟೋ ತೆಗೆದರೆ ಅದರಲ್ಲಿ ಇವತ್ತಿನ ತಾರೀಖೇ ಕೂರುತ್ತೆ. ಅದನ್ನ ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಥರ ಕಳಿಸಿದ್ರೆ ಆ ಎಕ್ಸಿಫ್ ಕೂಡ ಹೋಗುತ್ತೆ, ಸೈಜೂ ಕಮ್ಮಿ ಆಗುತ್ತೆ. 'ಡಾಕ್ಯುಮೆಂಟ್' ಅಂತ ಕಳಿಸಿದ್ರೆ ಫೈಲ್ ಹೇಗಿತ್ತೋ ಹಾಗೇ ಬರುತ್ತೆ. ಇದನ್ನ ಮನೆಯವರಿಗೆ ಹೇಳಿಕೊಡೋದು ನಮ್ಮ ಬ್ರಾಂಚಿನವರ ಕರ್ತವ್ಯ ಅಂತ ನಾನು ಸೀರಿಯಸ್ ಆಗಿ ನಂಬಿದ್ದೀನಿ.

ತಾರೀಖಿಗಿಂತ ದೊಡ್ಡ ಲಾಸ್ ಇನ್ನೊಂದಿದೆ. ಕಾಕಾ ತೆಗೆದದ್ದು ಫೋಟೋದ ಮುಂಭಾಗ ಮಾತ್ರ. ಹೆಸರು ಇರೋದು ಹಿಂಭಾಗದಲ್ಲಿ. 1948ರ ತನಕ ನಮ್ಮ ಕಡೆ ನಿಜಾಮರ ಹೈದರಾಬಾದ್ ಸಂಸ್ಥಾನ, ಶಾಲೆ ಕಚೇರಿಗಳಲ್ಲಿ ಉರ್ದು ನಡೀತಿತ್ತು. ಆಗ ಓದಿದವರು ಆಮೇಲೂ ಉರ್ದುವಿನಲ್ಲೇ ಬರೆದುಕೊಳ್ತಿದ್ದರು. ಹಾಗಾಗಿ ನಮ್ಮ ಟ್ರಂಕಿನ ಕೆಲವು ಫೋಟೋಗಳ ಹಿಂದೆ ಮಾಸಿದ ಇಂಕಿನಲ್ಲಿ ಉರ್ದು ಸಾಲುಗಳಿವೆ. ಮನೇಲಿ ಈಗ ಅದನ್ನ ಓದೋರು ಯಾರೂ ಇಲ್ಲ. ಓದೋಕೆ ಬರದಿದ್ದರೂ ಹಿಂಭಾಗದ ಫೋಟೋ ತೆಗೆದಿಡಬೇಕು, ಓದೋರು ಮುಂದೆ ಸಿಗ್ತಾರೆ.

ಕೆಲವಕ್ಕೆ ಹಿಂದೆಯೂ ಏನೂ ಇಲ್ಲ. ಎಂಟು ಜನ ನಿಂತಿರೋ ಅಂಥದ್ದೊಂದು ಫೋಟೋ ತೋರಿಸಿದಾಗ ಆಯಿ ಆರು ಜನರ ಹೆಸರು ಹೇಳಿದಳು. "ಇಕಿ ನಮ್ಮ ಅತ್ತಿ ತಂಗಿ, ಭಾಲ್ಕಿಗಿ ಕೊಟ್ಟಿದ್ರು. ಇವ್ರಿಬ್ರು ಯಾರೋ, ನೆನಪಿಗಿ ಬರವಲ್ದು." ಈ ಮಾಹಿತಿ ಯಾವ ಸರ್ವರ್‌ನಲ್ಲೂ ಇಲ್ಲ, ಆಯಿಯ ತಲೆಯಲ್ಲಿ ಮಾತ್ರ ಇದೆ. ಬ್ಯಾಕಪ್ ಇಲ್ಲ.

ಬರೆಯುವಾಗ ಒಂದು ವಿಷಯ ಗಮನಿಸಿ. 'ಕಾಕು', 'ಅತ್ತಿ' ಅಂತ ಮಾತ್ರ ಬರೆದರೆ ಸಾಲದು. ನನಗೆ ಕಾಕು ಆದವಳು ಆಕೆಯ ಮಗನಿಗೆ ಅವ್ವ. ಸಂಬಂಧದ ಹೆಸರು ರಿಲೇಟಿವ್ ಪಾತ್ ಇದ್ದಂಗೆ, ಫೈಲ್ ಬೇರೆಯವರ ಕೈಗೆ ಹೋದ ಕೂಡಲೇ ಲಿಂಕ್ ಕಟ್. ಪೂರ್ತಿ ಹೆಸರು, ಊರು, ಅಂದಾಜು ವರ್ಷ ಬರೆದರೆ ಅದು ಅಬ್ಸೊಲ್ಯೂಟ್ ಪಾತ್.

ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿ ಗುಡಿ ನೋಡಿದವರಿಗೆ ಅಲ್ಲಿನ ಒಬ್ಬ ಶಿಲಾಬಾಲಿಕೆ ಗೊತ್ತಿರುತ್ತೆ. ಆಕೆ ಶಾಸನ ಬರೀತಾ ನಿಂತಿದ್ದಾಳೆ, ಬರೆದದ್ದು ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಹೊಗಳಿಕೆ. ಆತ ಆಳಿದ್ದು 1076ರಿಂದ 1126ರವರೆಗೆ. ಒಂಬೈನೂರು ವರ್ಷದ ಮೇಲೂ ರಾಜ ಯಾರು ಅಂತ ಗೊತ್ತು, ಕ್ಯಾಪ್ಷನ್ ಚಿತ್ರದಲ್ಲೇ ಇದೆಯಲ್ಲ. ನಮ್ಮ ಐವತ್ತು ವರ್ಷದ ಫೋಟೋಗೆ ಅಷ್ಟೂ ಇಲ್ಲ.

ನಾವೂ ಅದನ್ನೇ ಮಾಡಬೇಕು, ಹೆಸರನ್ನ ಫೈಲ್ ಒಳಗೇ ಬರೀಬೇಕು. ಆ್ಯಪ್‌ನಲ್ಲಿ ಬರೆದ ಕ್ಯಾಪ್ಷನ್ ಆ ಅಕೌಂಟಿನಲ್ಲೇ ಉಳಿಯುತ್ತೆ. ಗೂಗಲ್ ಟೇಕೌಟ್‌ನಿಂದ ಹೊರಗೆ ತಂದರೆ ಪಕ್ಕದಲ್ಲಿ ಬೇರೆ ಜೇಸನ್ ಫೈಲ್ ಆಗಿ ಬರುತ್ತೆ. ಕಂಪನಿ ನಿಯಮವೂ ಬದಲಾಗುತ್ತೆ: ಅನ್‌ಲಿಮಿಟೆಡ್ ಫ್ರೀ ಅಂತಿದ್ದದ್ದು 2021ರ ಜೂನ್ 1ರಿಂದ 15 ಜಿಬಿ ಲೆಕ್ಕಕ್ಕೆ ಬಂತು. ಡಿಜಿಕ್ಯಾಮ್ ಅನ್ನೋ ಫ್ರೀ ಸಾಫ್ಟ್‌ವೇರ್ ಇದೆ, ಸೆಟ್ಟಿಂಗ್ ಆನ್ ಮಾಡಿದರೆ ಕ್ಯಾಪ್ಷನ್ ಅನ್ನ ಫೋಟೋ ಒಳಗೇ ಸೇವ್ ಮಾಡುತ್ತೆ. ಕಮಾಂಡ್ ಲೈನ್ ಇಷ್ಟಪಡೋರಿಗೆ ಎಕ್ಸಿಫ್‌ಟೂಲ್. ಕನ್ನಡದಲ್ಲೇ ಬರೀರಿ, ಯೂನಿಕೋಡ್‌ನಲ್ಲಿ. ಹಳೇ ನುಡಿ ಫಾಂಟಿನ ಪತ್ರಗಳು ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಏನಾಗ್ತವೆ ಅಂತ ನೋಡಿದವರಿಗೆ ಕಾರಣ ಹೇಳಬೇಕಿಲ್ಲ.

ಇನ್ನೂರನ್ನೂ ಒಂದೇ ಸಲ ಮುಗಿಸೋಕೆ ಹೋಗಬೇಡಿ, ಆಯಿಗೂ ಸಾಕಾಗುತ್ತೆ. ಒಂದು ರಜೆಗೆ ಇಪ್ಪತ್ತು. ಹೇಳೋದನ್ನ ರೆಕಾರ್ಡ್ ಮಾಡಿಕೊಂಡು ಆಮೇಲೆ ಟೈಪ್ ಮಾಡಬಹುದು.

ಹೆಸರು ಸಿಗದ ಆ ಇಬ್ಬರನ್ನ ಗುರುತಿಸಬಲ್ಲ ಒಬ್ಬರು ಇನ್ನೂ ಭಾಲ್ಕಿಯಲ್ಲಿ ಇದ್ದಾರೆ ಅಂತ ಆಯಿ ಹೇಳ್ತಾಳೆ. ಅವರಿಗೆ ಫೋನ್ ಸ್ಕ್ರೀನ್ ಸರಿಯಾಗಿ ಕಾಣಲ್ಲ. ದೀಪಾವಳಿ ರಜೆಗೆ ದೊಡ್ಡ ಪ್ರಿಂಟ್ ಹಾಕಿಸಿಕೊಂಡು ಹೋಗ್ತಿದ್ದೀನಿ.