ಯಾವ ಸಾಲು ಹಾಡಣ?

ಅಕ್ಕನ ಮಗ ರಜಕ್ಕೆಂದು ಕೊಳ್ಳೇಗಾಲಕ್ಕೆ ಬಂದಿದ್ದಾನೆ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ. ಬ್ಯಾಗಿನಿಂದ ಬಟ್ಟೆಗಿಂತ ಮೊದಲು ಹೊರಬಿದ್ದದ್ದು ಲ್ಯಾಪ್‌ಟಾಪು. ರಾತ್ರಿ ಊಟ ಮುಗಿಸಿ ಅವನ ಪಕ್ಕ ಕೂತು ನೋಡಿದೆ. ಮೊದಲು ಕಾರು ಓಡಿಸುವ ಆಟ, ಹತ್ತು ನಿಮಿಷ. ಆಮೇಲೆ ಮೊಳೆಯಂಥ ಕತ್ತಿ ಹಿಡಿದ ಹುಳುವೊಂದು ಸುರಂಗಕ್ಕಿಳಿಯುವ ಆಟ. ಹುಳು ಎರಡು ಸಲ ಸತ್ತಿತು, ಇವನು ಮುಚ್ಚಿದ. ಮೂರನೆಯದು ಬೇಸಾಯದ ಆಟ. ಮನೆ ಹಿಂದಿನ ಹಿತ್ತಲಿಗೆ ಕಾಲಿಡದವನು ಅಲ್ಲಿ ಎರಡು ಸಾಲು ಬೀಜ ಹಾಕಿ, ಮೊಳಕೆ ಬರುವುದನ್ನೂ ಕಾಯದೆ ಎದ್ದ.

“ಯಾವ್ದನ್ನಾದ್ರೂ ಪೂರಾ ಮುಗ್ಸಿದೀಯೇನ್ಲಾ?” ಅಂದೆ.

“ಏನ್ ಅವಸರ ಮಾವ? ತಿಂಗ್ಳಿಗಿಷ್ಟು ಅಂತ ಕಟ್ಟಿವ್ನಿ. ನೂರಾರು ಆಟ ಬಿದ್ದವ. ಎಲ್ಲಿಗೂ ಓಡೋಗಲ್ಲ.”

ಓಡಿಹೋಗುತ್ತವೆ ಅನ್ನುವುದು ಬೇರೆ ಮಾತು. ತಿಂಗಳ ಚಂದಾದ ಈ ಪದ್ಧತಿಯಲ್ಲಿ ಒಂದಷ್ಟು ಆಟ ಒಳಗೆ ಬರುತ್ತವೆ, ಒಂದಷ್ಟು ಹೊರಗೆ ಹೋಗುತ್ತವೆ. ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಗೇಮ್ ಪಾಸ್ 2017ರ ಜೂನ್‌ನಲ್ಲಿ ಶುರುವಾಯಿತು. 2019ರಲ್ಲಿ ಆಪಲ್ ಆರ್ಕೇಡ್ ಬಂತು. ನಮ್ಮ ದೇಶದಲ್ಲಿ ತಿಂಗಳಿಗೆ 99 ರೂಪಾಯಿಗೆ ಬಾಗಿಲು ತೆರೆಯಿತು. 2022ರಲ್ಲಿ ಸೋನಿಯೂ ತನ್ನ ಪ್ಲೇಸ್ಟೇಷನ್ ಪ್ಲಸ್‌ಗೆ ಆಟಗಳ ದೊಡ್ಡ ಕಣಜವನ್ನು ಜೋಡಿಸಿತು. ಇಂಥ ಚಂದಾ ಬೇರೂರುವ ಮೊದಲು ಒಂದು ಆಟ ಬೇಕೆಂದರೆ ಬಹುಮಟ್ಟಿಗೆ ಅದೊಂದನ್ನೇ ದುಡ್ಡು ಕೊಟ್ಟು ಕೊಳ್ಳಬೇಕಿತ್ತು. ಕೊಂಡವನು ಕೊನೆ ಮುಟ್ಟಿಸುತ್ತಾನೆ, ಚಂದಾದಾರ ರುಚಿ ನೋಡಿ ಎದ್ದುಹೋಗುತ್ತಾನೆ ಅನ್ನುವುದು ಈಗಿನ ದೂರು.

ದೂರಿಗೆ ಬುಡವಿಲ್ಲ ಎನ್ನಲಾಗದು. ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ ಎಂಬ ಮನಶ್ಶಾಸ್ತ್ರಜ್ಞರು 1985ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಅಮೆರಿಕದ ಓಹಿಯೋ ವಿಶ್ವವಿದ್ಯಾಲಯದ ನಾಟಕಶಾಲೆಯಲ್ಲಿ ಇಡೀ ಹಂಗಾಮಿನ ಟಿಕೆಟು 15 ಡಾಲರ್. ಕೌಂಟರಿಗೆ ಬಂದವರಲ್ಲಿ ಕೆಲವರಿಗೆ ಪೂರ್ತಿ ಬೆಲೆ, ಕೆಲವರಿಗೆ 2 ಡಾಲರ್ ಸೋಡಿ, ಇನ್ನು ಕೆಲವರಿಗೆ 7 ಡಾಲರ್ ಸೋಡಿ. ಯಾರಿಗೆ ಯಾವುದು ಅನ್ನುವುದು ಅದೃಷ್ಟದ ಮಾತು. ನಾಟಕ ಅದೇ, ಕುರ್ಚಿ ಅದೇ. ಆದರೂ ಹಂಗಾಮಿನ ಮೊದಲರ್ಧದಲ್ಲಿ ಪೂರ್ತಿ ಬೆಲೆ ತೆತ್ತವರೇ ಹೆಚ್ಚು ನಾಟಕ ನೋಡಿದರು. ಕೊಟ್ಟ ದುಡ್ಡು ಬೆನ್ನಿಗೆ ನಿಂತು ನೂಕುತ್ತದೆ. ದಿನ ಕಳೆದಂತೆ ನೂಕುವ ಕೈ ಸೋಲುತ್ತದೆ. ಉಳಿದರ್ಧದಲ್ಲಿ ಆ ವ್ಯತ್ಯಾಸ ಉಳಿಯಲಿಲ್ಲ.

ಹಾಗಂತ ಕೊಂಡವರೆಲ್ಲ ಮುಗಿಸುತ್ತಿದ್ದರೆ? 2010ರಲ್ಲಿ ಬಂದ ‘ರೆಡ್ ಡೆಡ್ ರಿಡೆಂಪ್ಶನ್’ ಆ ಕಾಲಕ್ಕೆ ಎಲ್ಲರ ಬಾಯಲ್ಲಿದ್ದ ಆಟ. ಆಟಗಾರರ ಲೆಕ್ಕ ಇಡುತ್ತಿದ್ದ ರಾಪ್ಟರ್ ಎಂಬ ಸಂಸ್ಥೆ 2011ರಲ್ಲಿ ಹೇಳಿದ ಪ್ರಕಾರ ಅದರ ಕೊನೆಯ ಮಿಷನ್ ಮುಗಿಸಿದವರು ನೂರಕ್ಕೆ ಹತ್ತು ಮಂದಿ. ಆಗ ಗೇಮ್ ಪಾಸ್ ಹುಟ್ಟಿರಲಿಲ್ಲ. ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಆಟ ಕೊಳ್ಳುವವರನ್ನು ಕೇಳಿ ನೋಡಿ. ಸೋಡಿ ಬಿದ್ದ ದಿನ ಕೊಂಡು ಇಟ್ಟ ಆಟಗಳು ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳ ಹಾಗೆ ಇರುತ್ತವೆ: ಎಲ್ಲವೂ ನಮ್ಮವೇ, ಯಾವುದನ್ನೂ ಒಲೆಗೆ ಏರಿಸಿಲ್ಲ. ನಾಟಕದ ಸೋಡಿ ಟಿಕೆಟಿನ ಕಥೆಯೇ ಇಲ್ಲೂ.

ನನ್ನದೇ ಕಥೆ ಕೇಳಿ. ಇಪ್ಪತ್ತು ವರ್ಷದ ಹಿಂದೆ ಕೊಳ್ಳೇಗಾಲದ ಒಂದು ಸೈಬರ್ ಕೆಫೆಯಲ್ಲಿ ಗಂಟೆಗೆ 20 ರೂಪಾಯಿ ಕೊಟ್ಟು ‘ವೈಸ್ ಸಿಟಿ’ ಆಡುತ್ತಿದ್ದೆವು. ಒಂದು ಕುರ್ಚಿ, ಹಿಂದೆ ನಿಂತವರು ನಾಲ್ವರು. ಆ ಆಟಕ್ಕೊಂದು ಕಥೆ ಇದೆ ಅನ್ನುವುದೇ ನಮ್ಮಲ್ಲಿ ಬಹುಪಾಲು ಜನರಿಗೆ ಗೊತ್ತಿರಲಿಲ್ಲ. ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡ ಚೀಟ್ ಕೋಡು ಒತ್ತಿ ಟ್ಯಾಂಕು ತರಿಸುವುದು, ಪೊಲೀಸರನ್ನು ಅಟ್ಟಾಡಿಸುವುದು, ಗಂಟೆ ಮುಗಿಯಿತೆಂದು ಕೆಫೆಯವನು ಕೂಗಿದಾಗ ಏಳುವುದು. ಒಮ್ಮೆ ಹಟ ಹಿಡಿದು ಕಥೆಯ ದಾರಿಯಲ್ಲೇ ಹೋದೆ. ಆಟಿಕೆ ಹೆಲಿಕಾಪ್ಟರಿನಲ್ಲಿ ನಾಲ್ಕು ಬಾಂಬುಗಳನ್ನು ಒಂದೊಂದಾಗಿ ಹೊತ್ತು ಕಟ್ಟುತ್ತಿರುವ ಕಟ್ಟಡದ ಮಹಡಿಗಳಲ್ಲಿ ಇಡಬೇಕಾದ ಕಡೆ ಸಿಕ್ಕಿಹಾಕಿಕೊಂಡೆ. ಕಟ್ಟಡದ ಆಳುಗಳು ಹೆಲಿಕಾಪ್ಟರನ್ನೇ ಬಡಿಯಲು ಬರುತ್ತಾರೆ, ಮೇಲೆ ಗಡಿಯಾರ ಓಡುತ್ತಿರುತ್ತದೆ. ಕೆಫೆಯ ಗಡಿಯಾರವೂ ಓಡುತ್ತಿರುತ್ತದೆ. ಎರಡು ಗಡಿಯಾರಕ್ಕೆ ಒಬ್ಬ ಹುಡುಗ ಎಷ್ಟು ಹೊತ್ತು ತಡೆದಾನು? ಅಲ್ಲಿಗೇ ಕೈಬಿಟ್ಟೆ.

ಈಗ ಅನಿಸುತ್ತದೆ: ದುಡ್ಡು ಎಷ್ಟು ಅನ್ನುವುದಕ್ಕಿಂತ ಅದನ್ನು ಕೊಡುವ ಬಗೆಯೇ ಆಡುವ ಬಗೆಯನ್ನು ತೀರ್ಮಾನಿಸುತ್ತದೆ. ಗಂಟೆಗಿಷ್ಟು ಅಂದರೆ ಗಡಿಬಿಡಿ. ಆಟಕ್ಕಿಷ್ಟು ಅಂದರೆ ಹಟ, ಅದೂ ಬೆಲೆಯ ಬಿಸಿ ಆರುವ ತನಕ. ತಿಂಗಳಿಗಿಷ್ಟು ಅಂದರೆ ಅಲೆದಾಟ. ಅಲೆದಾಟವೇನೂ ಪಾಪವಲ್ಲ. ಒಂದೊಂದಕ್ಕೂ ಬೇರೆ ಬೇರೆ ದುಡ್ಡು ಎಣಿಸಬೇಕಿದ್ದರೆ ನಮ್ಮ ಹುಡುಗ ಆ ಹುಳುವಿನ ಆಟದ ಮುಖವನ್ನೇ ನೋಡುತ್ತಿರಲಿಲ್ಲ. ಕೊಳ್ಳುವವನು ಅಂಗಡಿಗೆ ಹೋಗುವ ಹೊತ್ತಿಗೆ ಅರ್ಧ ಮನಸ್ಸು ಕೊಟ್ಟಾಗಿರುತ್ತದೆ. ಚಂದಾದಾರ ಈಗಷ್ಟೇ ಹೊಸ್ತಿಲಲ್ಲಿ ಇಣುಕಿದವನು. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಿ, ಇವನು ಮುಗಿಸಿದ ಅವನು ಮುಗಿಸಲಿಲ್ಲ ಅನ್ನುವುದು ನ್ಯಾಯದ ತೂಕವಲ್ಲ.

ಹಾಗಾದರೆ ಮುಗಿಸುವುದು ಅಂದರೇನು? ನನಗೆ ಯಳಂದೂರು ಕಡೆಯ ಅಜ್ಜಿ ಮನೆ ನೆನಪಾಗುತ್ತದೆ. ಮಾದಪ್ಪನ ಕಥೆ ಹಾಡುವ ದೇವರಗುಡ್ಡರು ಬಂದು ಕೂರುತ್ತಿದ್ದರು. ಕಂಸಾಳೆಯ ಬಟ್ಟಲನ್ನು ಒರೆಸಿಟ್ಟುಕೊಂಡು, ಎಲೆಯಡಿಕೆ ಹಾಕಿಕೊಂಡು, ಮೇಳದ ಹಿರಿಯ ಅಜ್ಜಿಯ ಕಡೆ ತಿರುಗಿ ಕೇಳುತ್ತಿದ್ದ: “ಯಾವ ಸಾಲು ಹಾಡಣ ಅವ್ವ?” ಮಲೆ ಮಾದೇಶ್ವರನ ಕಾವ್ಯ ಒಂದು ರಾತ್ರಿಗೆ ಮುಗಿಯುವಂಥದ್ದಲ್ಲ. ಶ್ರವಣನ ಸಾಲು, ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಸರಗೂರಯ್ಯನ ಸಾಲು, ಹೀಗೆ ಸಾಲು ಸಾಲಾಗಿ ಅದು ಬೆಳೆದಿದೆ. ಅಜ್ಜಿ ಸೆರಗು ಸರಿಮಾಡಿಕೊಂಡು ಪ್ರತಿ ಸಲವೂ ಒಂದನ್ನೇ ಹೇಳುತ್ತಿದ್ದಳು: “ಸಂಕಮ್ಮಂದು ಹಾಡ್ರಪ್ಪ.”

ಜೇನು ಮಲೆಗೆ ಹೊರಟ ಗಂಡ ಹೆಂಡತಿಯ ಮೇಲೆ ಅನುಮಾನ ಪಟ್ಟು ಬಲಗೈ ಭಾಷೆ ಕೇಳುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಅವನು ಕೊಟ್ಟ ಹಿಂಸೆಯನ್ನೆಲ್ಲ ಉಣ್ಣುತ್ತಾಳೆ. ಕೊನೆಗೆ ಮಾದಪ್ಪನ ವರದಿಂದ ಕಾರಯ್ಯ, ಬಿಲ್ಲಯ್ಯ ಹುಟ್ಟುತ್ತಾರೆ. ಅಷ್ಟು ಹೊತ್ತಿಗೆ ಕೋಳಿ ಕೂಗುತ್ತಿತ್ತು. ಅಜ್ಜಿ ಮೊರದಲ್ಲಿ ಅಕ್ಕಿ, ಕಾಯಿ, ಮೇಲೊಂದಿಷ್ಟು ದುಡ್ಡು ಇಟ್ಟು ಕೈಮುಗಿಯುತ್ತಿದ್ದಳು. ಇಡೀ ಕಾವ್ಯದ ಲೆಕ್ಕ ಹಿಡಿದರೆ ಅಜ್ಜಿ ‘ಮುಗಿಸಿದ್ದು’ ಒಂದು ತುಣುಕು ಮಾತ್ರ. ಆದರೆ ಅವಳು ಕಥೆಯನ್ನು ಅರ್ಧಕ್ಕೆ ಬಿಟ್ಟಳೆಂದು ಯಾರೂ ಅಂದದ್ದಿಲ್ಲ. ಅವಳು ಕೇಳಿದ್ದು ಒಂದು ಸಾಲು, ಬೆಳಗಿನ ತನಕ ಕೂತು ಕೇಳಿದ್ದೂ ಅದೇ ಸಾಲನ್ನು. ನಡುವೆ ತೂಕಡಿಸಿದ ನಮ್ಮ ತಲೆಗೊಂದು ಮೊಟಕು ಬೀಳುತ್ತಿತ್ತು, ಅಷ್ಟೆ.

ಹನೂರಿನ ರಸ್ತೆಯಲ್ಲಿ ಇನ್ನೊಂದು ಬಗೆಯ ಮುಗಿಸುವಿಕೆ ಕಾಣುತ್ತದೆ. ಶಿವರಾತ್ರಿ ಹತ್ತಿರವಾದಂತೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರ ಸಾಲು. ಕನಕಪುರದ ಕಡೆಯಿಂದ ಕಾವೇರಿ ದಾಟಿ ಬರುವವರೂ ಇದ್ದಾರೆ. ಕೊಳ್ಳೇಗಾಲದಿಂದ ಲೆಕ್ಕ ಹಿಡಿದರೂ ಬೆಟ್ಟ 70 ಕಿಲೋಮೀಟರಿಗೂ ಹೆಚ್ಚು. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಹಾಗಿದ್ದೂ ಕಾಲಿಗೆ ಬಟ್ಟೆ ಸುತ್ತಿಕೊಂಡು, ಬಸ್ಸು ಪಕ್ಕದಲ್ಲೇ ಹಾದುಹೋದರೂ ತಿರುಗಿ ನೋಡದೆ ನಡೆಯುವ ಹೆಂಗಸರನ್ನು ನೋಡಿದ್ದೇನೆ. ಇವರ ಬೆನ್ನಿಗೆ ಟಿಕೆಟಿನ ದುಡ್ಡು ನಿಂತಿಲ್ಲ, ಹರಕೆ ನಿಂತಿದೆ. ಹರಕೆಯೆಂದರೆ, ಇಂಥದ್ದನ್ನು ಮಾಡುತ್ತೇನೆ ಎಂದು ತಾನೇ ಹೆಸರಿಟ್ಟು ಹೇಳಿಕೊಂಡ ಮಾತು. ತಾಳಬೆಟ್ಟದ ಏರಿನಲ್ಲಿ ಕಾಲು ಬೇಡವೆಂದರೂ ಆ ಮಾತು ಹತ್ತಿಸುತ್ತದೆ.

ಚಂದಾದ ತೊಡಕು ಇಲ್ಲಿದೆ ಅನಿಸುತ್ತದೆ ನನಗೆ. ಬೆಲೆ ಕಡಿಮೆಯಾದದ್ದಲ್ಲ, ‘ಯಾವ ಸಾಲು ಹಾಡಣ’ ಅನ್ನುವ ಪ್ರಶ್ನೆಯೇ ಕಳೆದುಹೋದದ್ದು. ಕೊಳ್ಳುವಾಗ ಬೇಡವೆಂದರೂ ಆ ಪ್ರಶ್ನೆಗೆ ಉತ್ತರ ಕೊಡಬೇಕಿತ್ತು. ಈಗ ಯಾರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಇದರ ಬಿಸಿ ಆಟ ಕಟ್ಟುವವರಿಗೂ ತಟ್ಟುತ್ತದೆ. ಚಂದಾ ಸೇವೆಗಳು ಆಟ ಮಾಡುವವರೊಂದಿಗೆ ಮಾಡಿಕೊಳ್ಳುವ ಒಪ್ಪಂದಗಳಲ್ಲಿ ಕೆಲವು, ಜನ ಎಷ್ಟು ಆಡಿದರು ಅನ್ನುವುದರ ಮೇಲೆ ನಿಂತಿರುತ್ತವೆ. ಆಗ ಕೋಳಿ ಕೂಗುವ ಹೊತ್ತಿಗೆ ಕಥೆಯನ್ನು ಚೆಂದವಾಗಿ ಮುಗಿಸುವವನಿಗಿಂತ, ನಾಳೆಗೂ ಎಳೆದುಕೊಂಡು ಹೋಗುವವನಿಗೆ ಲಾಭ. ಬರೀ ಮುಗಿಸಿದವರ ಶೇಕಡಾವಾರು ಹಿಡಿದು ಕೂತರೆ ಇದು ಕಾಣುವುದಿಲ್ಲ.

ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, “ಸರಿ, ಹುಳಿಂದು ಮುಗುಸ್ತೀನಿ ಬುಡಿ. ನಿಮ್ಗ್ಯಾವ ಸಾಲು ಬೇಕು ಮಾವ?” ಅಂದ.

ನನಗೆ ಯೋಚಿಸುವ ಕೆಲಸವೇ ಇರಲಿಲ್ಲ. “ಆ ಹೆಲಿಕಾಪ್ಟರಿಂದು” ಅಂದೆ.

ಮಾರನೇ ದಿನ ವೈಸ್ ಸಿಟಿ ಕೊಂಡು ಹಾಕಿಕೊಟ್ಟ, ದುಡ್ಡು ನನ್ನದು. ಮೂರು ರಾತ್ರಿಯಿಂದ ಕೂತಿದ್ದೇನೆ. ನಡುವೆ ಒಂದು ಸಲ ಕರೆಂಟು ಹೋಯಿತು, ಒಂದು ಸಲ ಹೆಂಡತಿ ಬೈದಳು. ಕೆಫೆಯ ಗಡಿಯಾರ ಇಲ್ಲದಿದ್ದರೂ ಬೆರಳು ಈಗಲೂ ಗಡಿಬಿಡಿ ಮಾಡುತ್ತವೆ. ನಿನ್ನೆ ಮೂರು ಬಾಂಬು ಇಟ್ಟಾಯಿತು. ನಾಲ್ಕನೆಯದು ಇನ್ನೂ ಕೆಳಗೇ ಅದೆ.