ಪರದೇಶಿಗಳಾಗದೆ ಪರದೇಶಕ್ಕೆ ಹೋಗುವುದು

ನಮ್ಮ ದುರ್ಗದ ಕೋಟೆಯನ್ನು ನೋಡಲು ಬರುವ ವಿದೇಶೀ ಯಾತ್ರಿಕರನ್ನು ನಾವು ಬಹುಕಾಲದಿಂದ ಕಂಡಿರುತ್ತೇವೆ. ಬಿಸಿಲು ನೆತ್ತಿಗೇರಿದ ಹೊತ್ತಿನಲ್ಲಿ, ಕೈಯಲ್ಲಿ ನೀರಿಲ್ಲದೆ, ಜೊತೆಗೆ ದಾರಿ ತೋರುವವನಿಲ್ಲದೆ ಏಳು ಸುತ್ತಿನ ಕೋಟೆಯನ್ನು ಹೊಕ್ಕು, ಓಬವ್ವನ ಕಿಂಡಿಯ ಬಳಿಯಲ್ಲಿಯೇ ನಿಂತು ಆ ಕಿಂಡಿಯನ್ನು ನಕ್ಷೆಯಲ್ಲಿ ಹುಡುಕುವವರನ್ನು ನೋಡಿ ನಾವು ಮನಸ್ಸಿನಲ್ಲಿಯೇ ನಕ್ಕದ್ದೂ ಉಂಟು. ಬಾಯಿಬಿಟ್ಟು ಯಾರನ್ನಾದರೂ ಕೇಳಬಾರದೆ ಎಂದುಕೊಂಡದ್ದೂ ಉಂಟು. ಹೋದ ಬೇಸಿಗೆಯಲ್ಲಿ ದೈವವು ನಮ್ಮನ್ನೇ ಆ ಯಾತ್ರಿಕರ ಸ್ಥಾನದಲ್ಲಿ ನಿಲ್ಲಿಸಿತು. ಮಗನು ಉದ್ಯೋಗದಲ್ಲಿರುವ ನ್ಯೂಯಾರ್ಕ್ ನಗರಕ್ಕೆ ನಾವೂ ನಮ್ಮ ಗೃಹಿಣಿಯೂ ಹೋಗಿಬಂದೆವು.

ಈಗ ಹಿರಿಯೂರಿನಿಂದಲೂ ಹೊಳಲ್ಕೆರೆಯಿಂದಲೂ ಹೊಸದುರ್ಗದಿಂದಲೂ ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೊರಡುವ ತಂದೆತಾಯಿಗಳು ಇದ್ದೇ ಇರುತ್ತಾರೆ. ಅವರಲ್ಲಿ ಕೆಲವರು ನಮ್ಮ ಅನುಭವವನ್ನು ಕೇಳಿದುದರಿಂದ ಈ ತಿಂಗಳು ಅದನ್ನೇ ಬರೆಯಲು ಎಣಿಸಿದ್ದೇವೆ. ಪರದೇಶಿ ಎಂಬ ಶಬ್ದಕ್ಕೆ ಅನ್ಯದೇಶದವನು ಎಂಬುದೇ ಮೂಲಾರ್ಥವಾದರೂ ನಮ್ಮ ಜನರ ಬಾಯಲ್ಲಿ ಅದು ದಿಕ್ಕಿಲ್ಲದವನು ಎಂದಾಗಿದೆ. ಮೊದಲನೆಯದು ತಪ್ಪಿಸಲಾಗದ್ದು, ಎರಡನೆಯದು ಬಹುಮಟ್ಟಿಗೆ ನಮ್ಮ ಕೈಯಲ್ಲಿಯೇ ಇದೆ.

ಹೊರಡುವ ಮುನ್ನ ತಿಳಿಯತಕ್ಕ ಸಂಗತಿಗಳನ್ನು ಮೊದಲು ಹೇಳುವೆವು. ರಹದಾರಿಯಲ್ಲಿ ಅಂಟಿಸಿದ ವೀಸಾಕ್ಕೆ ಹತ್ತು ವರುಷದ ಅವಧಿಯಿದ್ದರೆ ಹತ್ತು ವರುಷವೂ ಅಲ್ಲಿ ಇರಬಹುದೆಂದು ಭಾವಿಸಬಾರದು. ಅದು ಬಾಗಿಲು ತಟ್ಟಲು ಅನುಮತಿ ಮಾತ್ರ. ಒಳಗೆ ಎಷ್ಟು ದಿನ ಇರಬಹುದೆಂಬುದನ್ನು ವಿಮಾನ ನಿಲ್ದಾಣದಲ್ಲಿರುವ ಅಧಿಕಾರಿಯು ಗೊತ್ತುಮಾಡುವನು. ಸಾಮಾನ್ಯವಾಗಿ ಅದು ಆರು ತಿಂಗಳನ್ನು ಮೀರದು. ಆ ಕಡೆಯ ದಿನವನ್ನು ಇಳಿದ ವಾರದಲ್ಲಿಯೇ ಮಕ್ಕಳ ಸಹಾಯದಿಂದ ನೋಡಿ ಬರೆದಿಟ್ಟುಕೊಳ್ಳಬೇಕು. ಅಲ್ಲಿ ದಿನಾಂಕವನ್ನು ಬರೆಯುವಾಗ ತಿಂಗಳನ್ನು ಮೊದಲು ಬರೆಯುವುದು ವಾಡಿಕೆ. 7/10 ಎಂದರೆ ಜುಲೈ ಹತ್ತು, ಅಕ್ಟೋಬರ್ ಏಳಲ್ಲ.

ತಾಯಂದಿರ ಪೆಟ್ಟಿಗೆಯ ವಿಷಯದಲ್ಲಿ ಒಂದು ಮಾತು. ಹಿತ್ತಲಿನ ಹಸಿ ಕರಿಬೇವನ್ನೂ ಹಣ್ಣುಗಳನ್ನೂ ಬೀಜಗಳನ್ನೂ ಕಟ್ಟಿಕೊಂಡು ಹೋಗಬೇಡಿರಿ. ಕರಿಬೇವು ನಿಂಬೆ ಕಿತ್ತಳೆಗಳ ವಂಶದ ಗಿಡವಾಗಿದ್ದು, ಅದರ ಎಲೆಯೊಡನೆ ಸಾಗಿಹೋಗುವ ಒಂದು ಸಣ್ಣ ಕೀಟವು ಅಲ್ಲಿನ ಕಿತ್ತಳೆಯ ತೋಟಗಳಿಗೆ ರೋಗವನ್ನು ಹರಡಬಲ್ಲುದು. ಆದಕಾರಣವೇ ನಿಷೇಧ, ನಮ್ಮ ಮೇಲಿನ ಹಗೆಯಿಂದಲ್ಲ. ತಿನಿಸು ಏನೇ ಇರಲಿ, ಇದೆಯೆಂದು ಸುಂಕದವರಿಗೆ ಹೇಳಿಬಿಡಬೇಕು. ಹೇಳಿದರೆ ಹೆಚ್ಚೆಂದರೆ ಆ ಪದಾರ್ಥವು ಹೋದೀತು. ಮುಚ್ಚಿಟ್ಟರೆ ದಂಡ ತೆರಬೇಕಾದೀತು. ಔಷಧಿಗಳನ್ನು ಅವುಗಳ ಮೂಲ ಕಟ್ಟಿನಲ್ಲಿಯೇ ಇಟ್ಟು, ವೈದ್ಯರ ಚೀಟಿಯ ಸಹಿತವಾಗಿ ಕೈಚೀಲದಲ್ಲಿ ಒಯ್ಯತಕ್ಕದ್ದು.

ಇನ್ನು ನಗರದೊಳಗಿನ ನಡೆ. ಅಲ್ಲಿ ವಾಹನಗಳು ರಸ್ತೆಯ ಬಲಗಡೆಯಲ್ಲಿ ಸಂಚರಿಸುತ್ತವೆ. ಇಲ್ಲಿ ರಸ್ತೆ ದಾಟುವಾಗ ಮೊದಲು ಬಲಕ್ಕೆ ನೋಡಿ ರೂಢಿಯಾದ ಕತ್ತು ಅಲ್ಲಿ ಮೊದಲು ಎಡಕ್ಕೆ ತಿರುಗಬೇಕು. ಅರುವತ್ತು ವರುಷದ ಅಭ್ಯಾಸವನ್ನು ಬಿಡಿಸಲು ನಮಗೆ ಎರಡು ವಾರ ಹಿಡಿಯಿತು. ನಾವು ನೆಲದ ಮಟ್ಟದ ಅಂತಸ್ತಿನ ಮೇಲಿನದನ್ನು ಮೊದಲನೆಯದೆಂದರೆ, ಅವರು ನೆಲದ ಮಟ್ಟದ್ದನ್ನೇ ಮೊದಲನೆಯದೆನ್ನುವರು. ಅಂಗಡಿಯಲ್ಲಿ ಚೀಟಿಯ ಮೇಲೆ ಬರೆದ ಬೆಲೆಗೆ ಕೊಡುವಾಗ ತೆರಿಗೆಯು ಸೇರುವುದು. ನ್ಯೂಯಾರ್ಕ್ ನಗರದಲ್ಲಿ ಅದು ನೂರಕ್ಕೆ 8.875ರಷ್ಟು. ಭೋಜನಶಾಲೆಯಲ್ಲಿ ಬಡಿಸಿದವರಿಗೆ ನೂರಕ್ಕೆ ಹದಿನೈದರಿಂದ ಇಪ್ಪತ್ತರಷ್ಟು ಕೊಡುವುದು ಪದ್ಧತಿ. ಅವರ ಸಂಪಾದನೆಯ ದೊಡ್ಡ ಪಾಲು ಅದೇ ಆದುದರಿಂದ ಅದನ್ನು ಭಿಕ್ಷೆಯೆಂದು ಬಗೆಯಲಾಗದು.

ಮಗನ ಮನೆಯಿದ್ದದ್ದು ಕ್ವೀನ್ಸ್ ಎಂಬ ಭಾಗದಲ್ಲಿ. ಅಲ್ಲಿ ಬೀದಿಗಳಿಗೆ ಅಂಕೆಗಳೇ ಹೆಸರು. ಆದರೆ ಒಂದೇ ಅಂಕೆಗೆ ಸ್ಟ್ರೀಟ್ ಉಂಟು, ಪ್ಲೇಸ್ ಉಂಟು, ಅವೆನ್ಯೂ ಉಂಟು, ರೋಡ್ ಉಂಟು. ಅಂಕೆಯನ್ನು ಮಾತ್ರ ನೆನಪಿಟ್ಟವನು ಮನೆ ಸೇರಲಾರನು. ಪೂರ್ಣ ವಿಳಾಸವನ್ನೂ ಮಗನ ದೂರವಾಣಿಯ ಸಂಖ್ಯೆಯನ್ನೂ ಕಾಗದದಲ್ಲಿ ಬರೆದು ಕಿಸೆಯಲ್ಲಿ ಇಟ್ಟುಕೊಳ್ಳಬೇಕು; ಫೋನಿನಲ್ಲಿದೆಯಲ್ಲಾ ಎಂದು ಸುಮ್ಮನಿದ್ದರೆ ಅದರ ಬ್ಯಾಟರಿ ಮುಗಿದಾಗ ವಿಳಾಸವೂ ಮುಗಿಯಿತು.

ಆ ನಗರದ ರೈಲುಗಳು 1904ರಿಂದಲೂ ನಡೆಯುತ್ತಿವೆ. ನಿಲ್ದಾಣಗಳು 472, ರಾತ್ರಿ ಹಗಲೆನ್ನದೆ ಸಂಚಾರ. ಈ ರೈಲಿನಲ್ಲಿಯೇ ನಮ್ಮ ಪಾಂಡಿತ್ಯಕ್ಕೆ ಭಂಗವಾಯಿತು. ಕ್ವೀನ್ಸಿನ ಫ್ಲಶಿಂಗ್ ಎಂಬಲ್ಲಿ 1977ರಲ್ಲಿ ಪ್ರತಿಷ್ಠೆಯಾದ ಗಣಪತಿಯ ದೇವಾಲಯವಿದೆ. ಹೊಳಲ್ಕೆರೆಯ ಬಯಲು ಗಣಪತಿಯನ್ನು ಕಂಡು ಬೆಳೆದ ನಮ್ಮ ಗೃಹಿಣಿಗೆ ಆ ದರ್ಶನವಾಗಲೇಬೇಕಾಗಿತ್ತು. ಒಂದು ಬೆಳಗ್ಗೆ, ಮಗನು ಕೆಲಸಕ್ಕೆ ಹೋಗುವ ದಿನ, ನಾವಿಬ್ಬರೇ ಹೋದೆವು. ದೇವಾಲಯದಲ್ಲಿಯೇ ದೋಸೆ ಇಡ್ಲಿಗಳು ದೊರೆಯುವ ಉಪಾಹಾರಶಾಲೆಯಿದ್ದರೂ, ಮನೆಯಲ್ಲಿ ಸೊಸೆಯು ಅಡಿಗೆ ಮಾಡಿರುವಳೆಂದು ಬರಿಯ ಹೊಟ್ಟೆಯಲ್ಲಿಯೇ ಹಿಂದಿರುಗಿದೆವು. ನಮ್ಮಾಕೆಗೆ ಸಕ್ಕರೆ ರೋಗ. ಗುಳಿಗೆಯನ್ನು ಆಗಲೇ ನುಂಗಿಯಾಗಿತ್ತು.

ನಾವು ಇಳಿಯಬೇಕಾದದ್ದು 74ನೆಯ ಬೀದಿಯ ನಿಲ್ದಾಣ. ರೈಲು ಅಲ್ಲಿ ನಿಲ್ಲದೆ ಮುಂದೆ ಓಡಿ ವುಡ್‌ಸೈಡಿನಲ್ಲಿ ನಿಂತಿತು. ಗಾಬರಿಯಿಂದ ಇಳಿದೆವು. ಗೋಡೆಯ ಮೇಲಿನ ನಕ್ಷೆಯನ್ನು ನಾವು ಅರ್ಧ ಗಂಟೆ ಪರಿಶೀಲಿಸಿದೆವು. “ಯಾರನ್ನಾದ್ರೂ ಕೇಳ್ರಿ” ಎಂದು ಆಕೆ ಎರಡು ಬಾರಿ ಹೇಳಿದಳು. ಮೂವತ್ತು ವರುಷ ಮಕ್ಕಳಿಗೆ ಪಾಠ ಹೇಳಿದವರು ಒಂದು ನಕ್ಷೆಗಾಗಿ ಪರರನ್ನು ಕೇಳುವುದೆ? ಮೂರನೆಯ ಬಾರಿ ಆಕೆ ಕೇಳಲಿಲ್ಲ. ತಿರುಗಿ ನೋಡಿದರೆ ಬೆಂಚಿನ ಮೇಲೆ ಒರಗಿ ಕುಳಿತಿದ್ದಾಳೆ; ಹಣೆಯಲ್ಲಿ ಬೆವರು, ಕೈಯಲ್ಲಿ ನಡುಕ, ಮಾತಿನಲ್ಲಿ ತೊದಲು.

ಆಗ ನಮ್ಮ ಅಭಿಮಾನವು ಎಲ್ಲಿ ಹೋಯಿತೋ ತಿಳಿಯದು. ಕಸ ಗುಡಿಸುತ್ತಿದ್ದ ಹೆಂಗಸಿನ ಮುಂದೆ ಹೋಗಿ ತಿಳಿದಷ್ಟು ಇಂಗ್ಲಿಷಿನಲ್ಲಿ ಬೇಡಿಕೊಂಡೆವು. ಆಕೆ ಓಡಿಬಂದು, ತನ್ನ ಚೀಲದಲ್ಲಿದ್ದ ಹಣ್ಣಿನ ರಸದ ಸೀಸೆಯನ್ನು ತೆರೆದು ಕುಡಿಸಿದಳು. ಕಾಲು ಗಂಟೆಯಲ್ಲಿ ನಮ್ಮಾಕೆಯ ಮುಖದಲ್ಲಿ ಕಳೆ ಬಂದಿತು. ಬಳಿಕ ಆ ಪುಣ್ಯಾತ್ಗಿತ್ತಿಯೇ ತಿಳಿಸಿದಳು: 7 ಎಂಬ ಅಂಕೆಯು ದುಂಡು ಚಿಹ್ನೆಯೊಳಗಿದ್ದರೆ ಆ ರೈಲು ಎಲ್ಲ ನಿಲ್ದಾಣಗಳಲ್ಲಿಯೂ ನಿಲ್ಲುವುದು, ವಜ್ರಾಕೃತಿಯೊಳಗಿದ್ದರೆ ಕೆಲವನ್ನು ಬಿಟ್ಟು ಓಡುವುದು. ಹಿಂದಕ್ಕೆ ಎರಡೇ ನಿಲ್ದಾಣ. ವೃತ್ತಕ್ಕೂ ಚತುರ್ಭುಜಕ್ಕೂ ಭೇದವನ್ನು ಮೂವತ್ತು ವರುಷ ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದವರಿಗೆ ಆ ಹೊತ್ತು ಅದು ಕಾಣಲಿಲ್ಲ.

ಈ ಸಂಗತಿಯನ್ನು ಮಗನಿಗೆ ಹೇಳಕೂಡದೆಂದು ನಾವು ಆಕೆಗೆ ಕಟ್ಟುಮಾಡಿದೆವು. ಅವನಿಗೆ ಚಿಂತೆಯಾದೀತು, ವೈದ್ಯರಿಗೆ ಹಣ ಸುರಿದಾನು ಎಂಬುದು ನಮ್ಮ ನೆವ. ಮೂರು ದಿನದ ಮೇಲೆ ಆಕೆಯೇ ಸೊಸೆಗೆ ಹೇಳಿದಳು. ಮಗನು ಗದರಲಿಲ್ಲ. “ಅಪ್ಪಾ, ಏನಾದರೂ ಆಗಿದ್ದರೆ ನಾನು ಯಾರನ್ನು ಕೇಳಬೇಕಾಗಿತ್ತು?” ಎಂದಷ್ಟೇ ಅಂದನು. ಆ ರಾತ್ರಿ ನಮ್ಮ ವಿಮೆಯ ಪತ್ರವನ್ನು ಅವನು ಓದಿ ನೋಡಲು, ಮೊದಲಿನಿಂದ ಇರುವ ರೋಗಗಳಿಗೆ ಅದು ಅನ್ವಯಿಸದೆಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಕೊಂಡವರು ನಾವು, ಓದದಿದ್ದವರೂ ನಾವೇ.

ಆದುದರಿಂದ ವಾಚಕ ಮಹಾಶಯರೇ, ವಿಮೆಯಿಲ್ಲದೆ ಹೊರಡಬೇಡಿರಿ. ಇದ್ದ ರೋಗಕ್ಕೂ ಅದು ಒದಗುವುದೇ ಎಂದು ಓದಿ ಕೊಳ್ಳಿರಿ. ಪ್ರಾಣಸಂಕಟವಾದರೆ 911 ಎಂಬ ಸಂಖ್ಯೆಗೆ ಕರೆಮಾಡಿರಿ. ಪೋಲೀಸರಿಗೂ ಬೆಂಕಿ ಆರಿಸುವವರಿಗೂ ಆಂಬುಲೆನ್ಸಿಗೂ ಅದೊಂದೇ. ಹಣವಿಲ್ಲವೆಂಬ ಕಾರಣದಿಂದ ತುರ್ತು ಚಿಕಿತ್ಸೆಯ ವಿಭಾಗದವರು ರೋಗಿಯನ್ನು ಪರೀಕ್ಷಿಸದೆ ಕಳುಹಿಸಬಾರದೆಂದು ಅಲ್ಲಿ 1986ರಲ್ಲಿಯೇ ಕಾನೂನಾಗಿದೆ. ಲೆಕ್ಕದ ಚೀಟಿಯು ಆಮೇಲೆ ಬರುವುದು ನಿಜ; ಆದರೆ ಅದು ಬದುಕಿರುವವರಿಗೆ ಬರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಕೇಳಲು ನಾಚಬೇಡಿರಿ, ಮಕ್ಕಳಿಂದ ಮುಚ್ಚಿಡಬೇಡಿರಿ. ಮುಚ್ಚಿಟ್ಟ ಕಷ್ಟವು ಅವರಿಗೆ ಉಳಿತಾಯವಲ್ಲ, ಬಡ್ಡಿ ಬೆಳೆಯುವ ಸಾಲ.

ಊರಿಗೆ ಬಂದ ಮೇಲೆ ಸಂಜೆಯ ಹೊತ್ತು ಕೋಟೆಯ ಕಡೆಗೆ ನಮ್ಮ ನಡಿಗೆಯು ಮೊದಲಿನಂತೆಯೇ ಸಾಗಿದೆ. ನಕ್ಷೆ ಹಿಡಿದು ನಿಂತವರು ಕಂಡರೆ ಈಗ ನಗು ಬರುವುದಿಲ್ಲ. ಅವರು ಕೇಳುವವರೆಗೆ ಕಾಯದೆ ನಾವೇ ಹೋಗಿ ದಾರಿ ತೋರಿಸುತ್ತೇವೆ. ಚೀಲದಲ್ಲಿ ಒಂದು ಸೀಸೆ ನೀರೂ ಇರುತ್ತದೆ.