'ಇಂಟರ್‌ನ್ಯಾಷನಲ್ ಜರ್ನಲ್‌ನಲ್ಲಿ ಬಂದಿದೆ' ಎಂದ ಮಾತ್ರಕ್ಕೆ ನಂಬಬಹುದೇ?

ಫ್ಯಾಮಿಲಿ ಗ್ರೂಪ್‌ಗೆ ಬರುವ ಆರೋಗ್ಯದ ಮೆಸೇಜ್‌ಗಳನ್ನು ಗಮನಿಸಿ. ಕೆಲವು ವರ್ಷಗಳ ಹಿಂದೆ ಅವು 'ನಮ್ಮ ಹಿರಿಯರು ಹೇಳಿದ್ದು' ಎಂದು ಮುಗಿಯುತ್ತಿದ್ದವು. ಈಗ ಅದೇ ಜಾಗದಲ್ಲಿ 'ವಿದೇಶಿ ವಿಜ್ಞಾನಿಗಳ ಸಂಶೋಧನೆ, ಇಂಟರ್‌ನ್ಯಾಷನಲ್ ಜರ್ನಲ್‌ನಲ್ಲಿ ಪ್ರಕಟ' ಎಂಬ ಸಾಲು ಇರುತ್ತದೆ. ಅಜ್ಜಿಯ ಮದ್ದನ್ನು ಅನುಮಾನಿಸುವವರೂ ಈ ಸಾಲು ಕಂಡರೆ ಸುಮ್ಮನಾಗುತ್ತಾರೆ. ಇಂಥದ್ದನ್ನು ಓದಿ ಶುಗರ್ ಮಾತ್ರೆ ನಿಲ್ಲಿಸುವವರು, ಮಗುವಿನ ಲಸಿಕೆ ಮುಂದೂಡುವವರು ಇರುವುದರಿಂದ, ಆ ಸಾಲಿಗೆ ಎಷ್ಟು ತೂಕ ಕೊಡಬೇಕು ಎಂದು ತಿಳಿದಿರುವುದು ಒಳ್ಳೆಯದು.

ಮೊದಲಿಗೆ ಒಂದು ನಿಜವಾದ ಘಟನೆ.

ಚಾಕೊಲೇಟ್ ತಿಂದರೆ ಸಣ್ಣಗಾಗುತ್ತೀರಿ!

2015ರಲ್ಲಿ ಜರ್ಮನಿಯ 'ಬಿಲ್ಡ್' ಪತ್ರಿಕೆ ಮುಖಪುಟದಲ್ಲೇ ಈ ಸುದ್ದಿ ಹಾಕಿತು. ಅಲ್ಲಿಂದ ಅದು ಹಲವು ದೇಶಗಳ ಪತ್ರಿಕೆ, ಟಿವಿ, ವೆಬ್‌ಸೈಟ್‌ಗಳಿಗೆ ಹರಡಿತು. ಕಡಿಮೆ ಕಾರ್ಬೋಹೈಡ್ರೇಟ್ ಇರುವ ಊಟದ ಜೊತೆ ದಿನವೂ ಸ್ವಲ್ಪ ಡಾರ್ಕ್ ಚಾಕೊಲೇಟ್ ತಿಂದವರ ತೂಕ 10% ವೇಗವಾಗಿ ಇಳಿಯಿತು ಎಂಬುದು ಸುದ್ದಿಯ ಸಾರ. 'ಇಂಟರ್‌ನ್ಯಾಷನಲ್ ಆರ್ಕೈವ್ಸ್ ಆಫ್ ಮೆಡಿಸಿನ್' ಎಂಬ ಜರ್ನಲ್‌ನಲ್ಲಿ ಪ್ರಬಂಧ ಬಂದಿತ್ತು. ಬರೆದವರು 'ಇನ್‌ಸ್ಟಿಟ್ಯೂಟ್ ಆಫ್ ಡಯಟ್ ಅಂಡ್ ಹೆಲ್ತ್' ಎಂಬ ಸಂಸ್ಥೆಯ ಡಾ. ಯೊಹಾನೆಸ್ ಬೊಹಾನನ್.

ಆ ಸಂಸ್ಥೆ ಬರೀ ಒಂದು ವೆಬ್‌ಸೈಟ್ ಆಗಿತ್ತು. ಬರೆದವರು ಜಾನ್ ಬೊಹಾನನ್ ಎಂಬ ವಿಜ್ಞಾನ ಪತ್ರಕರ್ತ. ಡಾಕ್ಟರೇಟ್ ಇದ್ದದ್ದು ನಿಜ, ಆದರೆ ಅದು ಬ್ಯಾಕ್ಟೀರಿಯಾ ಕುರಿತದ್ದು, ಆಹಾರ ಪಥ್ಯದ ಬಗ್ಗೆ ಅಲ್ಲ. ಕಳಪೆ ಡಯಟ್ ಸಂಶೋಧನೆ ಎಷ್ಟು ಸುಲಭವಾಗಿ ಸುದ್ದಿಯಾಗುತ್ತದೆ ಎಂದು ತೋರಿಸಲು ಅವರು ಕೆಲವರ ಜೊತೆ ಸೇರಿ ಇದನ್ನು ಮಾಡಿದ್ದರು. ಸ್ವಾರಸ್ಯ ಏನೆಂದರೆ ಪ್ರಯೋಗ ನಡೆದದ್ದು ನಿಜ, ಅಂಕಿಗಳೂ ಸುಳ್ಳಲ್ಲ. ಹಾಗಾದರೆ ಮೋಸ ಎಲ್ಲಿತ್ತು?

ಮೂರು ಗುಂಪುಗಳಲ್ಲಿ ಇದ್ದವರು ಒಟ್ಟು 15 ಜನ. ಮೂರು ವಾರ ನಡೆದ ಪ್ರಯೋಗದಲ್ಲಿ ತೂಕ, ಕೊಲೆಸ್ಟ್ರಾಲ್, ನಿದ್ದೆ ಹೀಗೆ 18 ಸಂಗತಿಗಳನ್ನು ಅಳೆದರು. ಚೌಕಾಬಾರ ಆಡಿದವರಿಗೆ ಇದರ ಗುಟ್ಟು ಬೇಗ ಗೊತ್ತಾಗುತ್ತದೆ. ನಾಲ್ಕು ಕವಡೆಗಳನ್ನು ಒಮ್ಮೆ ಹಾಕಿದಾಗ ನಾಲ್ಕೂ ಮಗುಚಿ ಬೀಳುವುದು ಅಪರೂಪ. ಆದರೆ 18 ಸಲ ಹಾಕಿದರೆ ಎಲ್ಲೋ ಒಂದು ಸಲ ಬೀಳುವ ಸಂಭವ ಚೆನ್ನಾಗಿಯೇ ಇದೆ. ಉಳಿದ 17ನ್ನು ಮುಚ್ಚಿಟ್ಟು ಆ ಒಂದನ್ನು ಮಾತ್ರ ತೋರಿಸಿದರೆ ನೋಡುವವರಿಗೆ ಕೈಚಳಕ ಅನ್ನಿಸುತ್ತದೆ. ಲೆಕ್ಕದಲ್ಲಿ ಹೇಳುವುದಾದರೆ, ಬರೀ ಅದೃಷ್ಟದಿಂದ ವ್ಯತ್ಯಾಸ ಕಾಣುವ ಸಾಧ್ಯತೆ ಪ್ರತಿ ಅಳತೆಯಲ್ಲಿ 5% ಎಂದಿಟ್ಟುಕೊಂಡರೂ, 18 ಅಳತೆಗಳ ಪೈಕಿ ಒಂದರಲ್ಲಾದರೂ ಅದು ಕಾಣಿಸುವ ಸಾಧ್ಯತೆ ಸುಮಾರು 60%. ಬೊಹಾನನ್ ತಂಡಕ್ಕೆ ತೂಕ ಸಿಕ್ಕಿತು. ಕೊಲೆಸ್ಟ್ರಾಲ್ ಸಿಕ್ಕಿದ್ದರೆ ಹೆಡ್‌ಲೈನ್ ಅದೇ ಆಗಿರುತ್ತಿತ್ತು.

ಜರ್ನಲ್ 24 ಗಂಟೆಯಲ್ಲಿ ಪ್ರಬಂಧವನ್ನು ಒಪ್ಪಿಕೊಂಡು 600 ಯೂರೋ ಶುಲ್ಕ ಕೇಳಿತು. ಒಂದು ಪದವನ್ನೂ ಬದಲಿಸದೆ ಪ್ರಕಟಿಸಿತು. ಸುದ್ದಿ ಮಾಡಿದವರಲ್ಲಿ ಹೆಚ್ಚಿನವರು ಎಷ್ಟು ಜನರ ಮೇಲೆ ಪ್ರಯೋಗ ನಡೆಯಿತು ಎಂದೂ ಕೇಳಲಿಲ್ಲ. ಅಂದಹಾಗೆ, ಬೊಹಾನನ್ ಮೇಲೂ ಟೀಕೆ ಬಂತು. ಪ್ರಯೋಗಕ್ಕೆ ಬಂದವರಿಗೆ ಅದರ ನಿಜವಾದ ಉದ್ದೇಶ ಹೇಳಿರಲಿಲ್ಲ ಎಂಬ ಆ ಟೀಕೆ ಸರಿಯಾದದ್ದೇ.

ಜರ್ನಲ್ ಮಾಡಬೇಕಾದ ಕೆಲಸ ಯಾವುದು?

ಸಂಶೋಧಕರು ತಮ್ಮ ಕೆಲಸವನ್ನು ಬರೆದು ಕಳಿಸುತ್ತಾರೆ. ಸಂಪಾದಕರು ಅದನ್ನು ಅದೇ ವಿಷಯದಲ್ಲಿ ಪಳಗಿದ ಇಬ್ಬರು ಮೂವರಿಗೆ ಓದಲು ಕೊಡುತ್ತಾರೆ. ಇದಕ್ಕೆ ಪೀರ್ ರಿವ್ಯೂ ಎನ್ನುತ್ತಾರೆ. ಅವರು ಪ್ರಯೋಗದ ವಿಧಾನ, ಲೆಕ್ಕ, ತೀರ್ಮಾನ ಮೂರನ್ನೂ ಕೆದಕಿ ಪ್ರಶ್ನೆ ಹಾಕುತ್ತಾರೆ. ಉತ್ತರ ಸಮಾಧಾನ ತಂದರೆ ಪ್ರಕಟಣೆ, ಇಲ್ಲವಾದರೆ ತಿರಸ್ಕಾರ. ಇದಕ್ಕೆ ವಾರಗಳಲ್ಲ, ಸಾಮಾನ್ಯವಾಗಿ ತಿಂಗಳುಗಳೇ ಬೇಕು.

ಇದರ ಜೊತೆಗೆ ಇನ್ನೂ ಕೆಲವು ನಿಯಮಗಳಿವೆ. ಮನುಷ್ಯರ ಮೇಲಿನ ಪ್ರಯೋಗಕ್ಕೆ ನೈತಿಕ ಸಮಿತಿಯ ಅನುಮತಿ ಬೇಕು. ಭಾಗವಹಿಸುವವರಿಗೆ ವಿಷಯ ತಿಳಿಸಿ ಒಪ್ಪಿಗೆ ಪಡೆಯಬೇಕು. ದುಡ್ಡು ಯಾರಿಂದ ಬಂತು ಎಂದು ಬಹಿರಂಗವಾಗಿ ಹೇಳಬೇಕು. ಬೇರೆಯವರ ಬರಹ ಕದಿಯಬಾರದು, ಅಂಕಿಗಳನ್ನು ತಿದ್ದಬಾರದು.

ಇಷ್ಟಾದರೂ ಪೀರ್ ರಿವ್ಯೂ ಮಾಡುವವರು ಪ್ರಯೋಗಾಲಯಕ್ಕೆ ಹೋಗಿ ನೋಡುವುದಿಲ್ಲ. ಬರೆದದ್ದನ್ನು ಓದುತ್ತಾರೆ, ಅಷ್ಟೇ. ಅಂಕಿಗಳು ಪ್ರಾಮಾಣಿಕ ಎಂದು ನಂಬಿಯೇ ಮುಂದುವರಿಯುತ್ತಾರೆ. ಹಾಗಾಗಿ ಒಳ್ಳೆಯ ಜರ್ನಲ್‌ನಲ್ಲಿ ಬಂದ ಪ್ರಬಂಧ ಕೂಡ 'ನಾವು ಹೀಗೆ ಕಂಡುಕೊಂಡಿದ್ದೇವೆ, ಬೇರೆಯವರೂ ಪರೀಕ್ಷಿಸಿ ನೋಡಿ' ಎಂಬ ಮಾತು ಮಾತ್ರ. ಇನ್ನು ಕಳಪೆ ಜರ್ನಲ್‌ಗಳಲ್ಲಿ ಈ ಮೊದಲ ಜರಡಿಯೂ ಇರುವುದಿಲ್ಲ.

ದುಡ್ಡು ಕೊಟ್ಟರೆ ಅಚ್ಚು

ಓಪನ್ ಆಕ್ಸೆಸ್ ಎಂಬ ಪದ್ಧತಿಯಲ್ಲಿ ಓದುಗರು ದುಡ್ಡು ಕೊಡಬೇಕಿಲ್ಲ, ಲೇಖಕರು ಅಥವಾ ಅವರ ಸಂಸ್ಥೆ ಪ್ರಕಟಣೆಯ ಶುಲ್ಕ ಕಟ್ಟುತ್ತದೆ. ಪದ್ಧತಿ ಒಳ್ಳೆಯದೇ, ಎಷ್ಟೋ ಒಳ್ಳೆಯ ಜರ್ನಲ್‌ಗಳು ಹೀಗೇ ನಡೆಯುತ್ತಿವೆ. ಆದರೆ ಹೆಚ್ಚು ಪ್ರಬಂಧ ಒಪ್ಪಿಕೊಂಡಷ್ಟೂ ಹೆಚ್ಚು ಆದಾಯ ಎಂದಾಗ, ಪರಿಶೀಲನೆಯನ್ನೇ ಕೈಬಿಟ್ಟು ಶುಲ್ಕ ಮಾತ್ರ ವಸೂಲಿ ಮಾಡುವ ಅಂಗಡಿಗಳು ಹುಟ್ಟಿಕೊಂಡವು. ಇವುಗಳಿಗೆ 'ಪ್ರಿಡೇಟರಿ ಜರ್ನಲ್' ಎಂಬ ಹೆಸರು ಕೊಟ್ಟವರು ಅಮೆರಿಕದ ಗ್ರಂಥಪಾಲಕ ಜೆಫ್ರಿ ಬೀಲ್.

ಇಲ್ಲಿ ನಮ್ಮ ದೇಶದ ಪಾಲು ದೊಡ್ಡದು. ಇದೇ ಬೊಹಾನನ್ 2013ರಲ್ಲಿ, ಕಲ್ಲುಹೂವಿನಿಂದ ಕ್ಯಾನ್ಸರ್ ಔಷಧ ಎಂಬ ಕಟ್ಟುಕಥೆಯ ಪ್ರಬಂಧವನ್ನು ಎದ್ದು ಕಾಣುವ ತಪ್ಪುಗಳ ಸಮೇತ 304 ಜರ್ನಲ್‌ಗಳಿಗೆ ಕಳಿಸಿದ್ದರು. 157 ಜರ್ನಲ್‌ಗಳು ಒಪ್ಪಿಕೊಂಡವು, 98 ತಿರಸ್ಕರಿಸಿದವು. ಭಾರತದಿಂದ ನಡೆಯುತ್ತಿದ್ದ ಜರ್ನಲ್‌ಗಳಲ್ಲಿ 64 ಒಪ್ಪಿದವು, 15 ಮಾತ್ರ ಬೇಡವೆಂದವು. 2019ರಲ್ಲಿ ಅಮೆರಿಕದ ನ್ಯಾಯಾಲಯವೊಂದು, ಲೇಖಕರನ್ನು ದಾರಿ ತಪ್ಪಿಸಿದ್ದಕ್ಕಾಗಿ ಹೈದರಾಬಾದ್ ಮೂಲದ ಪ್ರಕಾಶನ ಸಂಸ್ಥೆ ಓಮಿಕ್ಸ್‌ಗೆ 5 ಕೋಟಿ ಡಾಲರ್‌ಗೂ ಹೆಚ್ಚು ಮೊತ್ತ ಕಟ್ಟಲು ಆದೇಶಿಸಿತು.

ಭಾರತದಲ್ಲೇ ಏಕೆ ಇಷ್ಟು? ಎಲ್ಲರೂ ಮೋಸಗಾರರು ಎಂದಲ್ಲ. ಕಾಲೇಜು ಅಧ್ಯಾಪಕರ ಬಡ್ತಿಗೆ, ಪಿಎಚ್‌ಡಿ ಸಲ್ಲಿಕೆಗೆ ಇಷ್ಟು ಪ್ರಬಂಧ ಪ್ರಕಟವಾಗಿರಬೇಕು ಎಂಬ ನಿಯಮ ವರ್ಷಗಳ ಕಾಲ ಇತ್ತು. ಲ್ಯಾಬ್ ಇಲ್ಲ, ಸಮಯ ಇಲ್ಲ, ಪ್ರಬಂಧ ಮಾತ್ರ ಬೇಕು ಎಂದಾಗ ಕೆಲವು ಸಾವಿರ ರೂಪಾಯಿಗೆ ವಾರದಲ್ಲಿ ಅಚ್ಚು ಹಾಕಿಕೊಡುವವರಿಗೆ ಗಿರಾಕಿಗಳ ಕೊರತೆ ಇರುವುದಿಲ್ಲ. ಯುಜಿಸಿ ಮಾನ್ಯ ಜರ್ನಲ್‌ಗಳ ಪಟ್ಟಿ ಮಾಡಿತು, ಆದರೆ ಕಳಪೆ ಜರ್ನಲ್‌ಗಳು ಆ ಪಟ್ಟಿಯೊಳಗೇ ನುಸುಳಿದವು. ವಿಶ್ವವಿದ್ಯಾಲಯಗಳ ಶಿಫಾರಸಿನಿಂದ ಪಟ್ಟಿ ಸೇರಿದ್ದ ಸಾವಿರಕ್ಕೂ ಹೆಚ್ಚು ಜರ್ನಲ್‌ಗಳನ್ನು ಪುಣೆಯ ಸಂಶೋಧಕರ ತಂಡ ಪರಿಶೀಲಿಸಿ, 88%ಕ್ಕಿಂತ ಹೆಚ್ಚಿನವು ಕಳಪೆ ಇರಬಹುದು ಎಂದು 2018ರಲ್ಲಿ ಹೇಳಿತು. ಅದು ಪ್ರಕಟವಾದದ್ದು ನಮ್ಮ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ. ಅದೇ ವರ್ಷ ಯುಜಿಸಿ 4,305 ಜರ್ನಲ್‌ಗಳನ್ನು ಪಟ್ಟಿಯಿಂದ ತೆಗೆದುಹಾಕಿತು. ಆಮೇಲೆ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಸಂಶೋಧನಾ ನೀತಿಯ ಪಾಠ ಕಡ್ಡಾಯವಾಯಿತು. 2022ರಲ್ಲಿ ಪಿಎಚ್‌ಡಿಗೆ ಪ್ರಕಟಣೆಯ ಕಡ್ಡಾಯವನ್ನೇ ಕೈಬಿಟ್ಟರು. ಬಹಳ ಹಿಂದೆಯೇ ಆಗಬೇಕಿದ್ದ ಕೆಲಸ.

ಗ್ರೂಪ್‌ಗಳಲ್ಲಿ ಮೆಸೇಜ್ ಓದುವವರಿಗೂ ಇದಕ್ಕೂ ಸಂಬಂಧ ಇದೆ. ಹೀಗೆ ಅಚ್ಚಾದ ಪ್ರಬಂಧಗಳು ಅಂತರ್ಜಾಲದಲ್ಲಿ ಉಳಿದುಕೊಂಡಿವೆ. ಪುಡಿ, ಕಷಾಯ, ಯಂತ್ರ ಮಾರುವವರಿಗೆ 'ಸಂಶೋಧನೆಯಿಂದ ಸಾಬೀತು' ಎನ್ನಲು ಅವು ಸಾಕು.

ಹಾಗಾದರೆ ದೊಡ್ಡ ಜರ್ನಲ್ ಆದರೆ ಸರಿಯೇ?

ಅಲ್ಲೂ ಎಡವಟ್ಟುಗಳಾಗಿವೆ. 1998ರಲ್ಲಿ ಬ್ರಿಟನ್ನಿನ ಪ್ರತಿಷ್ಠಿತ 'ಲ್ಯಾನ್ಸೆಟ್'ನಲ್ಲಿ ಆಂಡ್ರೂ ವೇಕ್‌ಫೀಲ್ಡ್ ಎಂಬ ವೈದ್ಯ 12 ಮಕ್ಕಳ ಬಗ್ಗೆ ಪ್ರಬಂಧ ಬರೆದರು. ದಡಾರ, ಮಂಗನಬಾವು, ರುಬೆಲ್ಲಾಗೆ ಕೊಡುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿದೆ ಎಂಬ ಭಯ ಅಲ್ಲಿಂದ ಹಬ್ಬಿತು. ನಂಟು ಸಾಬೀತಾಗಿಲ್ಲ ಎಂದು ಆ ಪ್ರಬಂಧದಲ್ಲೇ ಬರೆದಿತ್ತು! ಪತ್ರಿಕಾಗೋಷ್ಠಿಯಲ್ಲಿ ಮಾತ್ರ ವೇಕ್‌ಫೀಲ್ಡ್, ಮೂರನ್ನೂ ಒಟ್ಟಿಗೆ ಕೊಡುವ ಲಸಿಕೆ ಬೇಡ ಎಂಬ ಧಾಟಿಯಲ್ಲಿ ಮಾತಾಡಿದರು. ಇಂಗ್ಲೆಂಡಿನಲ್ಲಿ ಲಸಿಕೆ ಹಾಕಿಸಿಕೊಳ್ಳುವವರ ಪ್ರಮಾಣ ಕೆಲವೇ ವರ್ಷಗಳಲ್ಲಿ ಸುಮಾರು 80%ಕ್ಕೆ ಕುಸಿಯಿತು, ದಡಾರ ಮರಳಿತು.

ಪತ್ರಕರ್ತ ಬ್ರಯನ್ ಡೀರ್ ಬೆನ್ನುಹತ್ತಿ ಹೋದಾಗ ಒಂದೊಂದೇ ಹೊರಬಂತು. ಲಸಿಕೆ ಕಂಪನಿಗಳ ಮೇಲೆ ಕೇಸು ಹಾಕಲು ಹೊರಟಿದ್ದ ವಕೀಲರ ಕಡೆಯಿಂದ ವೇಕ್‌ಫೀಲ್ಡ್‌ಗೆ ಹಣ ಬಂದಿತ್ತು, ಅದನ್ನು ಅವರು ತಿಳಿಸಿರಲಿಲ್ಲ. ಸರಿಯಾದ ನೈತಿಕ ಅನುಮತಿ ಇಲ್ಲದೆ ಮಕ್ಕಳಿಗೆ ನೋವು ಕೊಡುವ ಪರೀಕ್ಷೆಗಳನ್ನು ಮಾಡಲಾಗಿತ್ತು. ತಮ್ಮ ಮಗನ ಹುಟ್ಟುಹಬ್ಬಕ್ಕೆ ಬಂದ ಮಕ್ಕಳಿಗೆ ತಲಾ 5 ಪೌಂಡ್ ಕೊಟ್ಟು ರಕ್ತ ತೆಗೆಸಿದ್ದರು. 2010ರ ಫೆಬ್ರವರಿಯಲ್ಲಿ ಲ್ಯಾನ್ಸೆಟ್ ಪ್ರಬಂಧವನ್ನು ಪೂರ್ತಿಯಾಗಿ ಹಿಂತೆಗೆದುಕೊಂಡಿತು, ಮೇ ತಿಂಗಳಲ್ಲಿ ಬ್ರಿಟನ್ನಿನ ವೈದ್ಯರ ಪಟ್ಟಿಯಿಂದ ಅವರ ಹೆಸರನ್ನು ತೆಗೆಯಲಾಯಿತು. ಡೆನ್ಮಾರ್ಕ್‌ನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿದ 2019ರ ಅಧ್ಯಯನವೂ ಲಸಿಕೆಗೂ ಆಟಿಸಂಗೂ ನಂಟು ಇಲ್ಲ ಎಂದೇ ಹೇಳಿತು.

ತಪ್ಪು ಒಪ್ಪಿಕೊಳ್ಳಲು 12 ವರ್ಷ ಬೇಕಾಯಿತು. ಅದಾಗಿ ಏಳು ವರ್ಷಗಳ ಮೇಲೆ, 2017ರಲ್ಲಿ ಕರ್ನಾಟಕ, ತಮಿಳುನಾಡು ಮೊದಲಾದ ಕಡೆ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಶುರುವಾದಾಗ, ಲಸಿಕೆ ಹಾಕಿಸಬೇಡಿ ಎಂಬ ವಾಟ್ಸಾಪ್ ಮೆಸೇಜ್‌ಗಳು ಊರೂರು ಸುತ್ತಿದವು. ಲಸಿಕೆ-ಆಟಿಸಂ ಮಾತು ಈಗಲೂ ಗ್ರೂಪ್‌ಗಳಲ್ಲಿ ಆಗಾಗ ತಲೆ ಎತ್ತುತ್ತದೆ. ಜರ್ನಲ್ ಪ್ರಬಂಧವನ್ನು ಹಿಂತೆಗೆದುಕೊಂಡರೂ ಆ ಸುದ್ದಿ ಮೂಲ ಮೆಸೇಜ್ ಪಡೆದವರಿಗೆ ತಲುಪುವುದೇ ಇಲ್ಲ.

ಬೇಗ ಸಿಕ್ಕಿಬಿದ್ದ ಉದಾಹರಣೆಯೂ ಇದೆ. 2020ರ ಮೇ 22ರಂದು ಇದೇ ಲ್ಯಾನ್ಸೆಟ್, 96,000 ಕೋವಿಡ್ ರೋಗಿಗಳ ದಾಖಲೆ ಆಧರಿಸಿ ಹೈಡ್ರಾಕ್ಸಿಕ್ಲೋರೊಕ್ವಿನ್ ಅಪಾಯಕಾರಿ ಎಂಬ ಪ್ರಬಂಧ ಪ್ರಕಟಿಸಿತು. ಅದರಲ್ಲಿದ್ದ ಆಸ್ಟ್ರೇಲಿಯಾದ ಸಾವಿನ ಸಂಖ್ಯೆ, ಆ ವೇಳೆಗೆ ಆ ಇಡೀ ದೇಶದಲ್ಲಿ ದಾಖಲಾಗಿದ್ದ ಸಾವಿಗಿಂತ ಹೆಚ್ಚಿತ್ತು. ಸರ್ಜಿಸ್ಫಿಯರ್ ಎಂಬ ಕಂಪನಿ ಮೂಲ ದಾಖಲೆ ತೋರಿಸಲಿಲ್ಲ. ಜೂನ್ 4ಕ್ಕೆ ಪ್ರಬಂಧ ವಾಪಸ್. ಆ ಔಷಧ ಕೋವಿಡ್‌ಗೆ ಉಪಯೋಗವಿಲ್ಲ ಎಂದು ಆಮೇಲಿನ ಸರಿಯಾದ ಪ್ರಯೋಗಗಳಲ್ಲಿ ಗೊತ್ತಾಯಿತು, ಅದು ಬೇರೆ ಮಾತು.

ಪ್ರಿಪ್ರಿಂಟ್ ಎಂದರೆ ಇನ್ನೂ ಯಾರೂ ಪರಿಶೀಲಿಸದ್ದು

ಪೀರ್ ರಿವ್ಯೂ ಆಗುವ ಮೊದಲೇ ವೆಬ್‌ಸೈಟ್‌ಗೆ ಹಾಕುವ ಕರಡು ಇದು. 2020ರ ಜನವರಿ ಕೊನೆಗೆ ದೆಹಲಿಯ ಸಂಶೋಧಕರ ತಂಡವೊಂದು ಕೊರೊನಾ ವೈರಸ್‌ನಲ್ಲಿ ಎಚ್‌ಐವಿಯನ್ನು ಹೋಲುವ ತುಣುಕುಗಳಿವೆ ಎಂಬ ಪ್ರಿಪ್ರಿಂಟ್ ಹಾಕಿತು. ಅಂಥ ಚಿಕ್ಕ ತುಣುಕುಗಳು ಬೇರೆ ಎಷ್ಟೋ ಜೀವಿಗಳಲ್ಲೂ ಇವೆ ಎಂದು ವಿಜ್ಞಾನಿಗಳು ತಕ್ಷಣ ತೋರಿಸಿದರು. ಎರಡೇ ದಿನದಲ್ಲಿ ಲೇಖಕರೇ ಅದನ್ನು ಹಿಂತೆಗೆದುಕೊಂಡರು. ಅಷ್ಟರೊಳಗೆ 'ಇದು ಲ್ಯಾಬ್‌ನಲ್ಲಿ ತಯಾರಾದ ವೈರಸ್, ಭಾರತದ ವಿಜ್ಞಾನಿಗಳೇ ಹೇಳಿದ್ದಾರೆ' ಎಂಬ ಮಾತು ಎಲ್ಲೆಡೆ ಹಬ್ಬಿತ್ತು.

ಫಾರ್ವರ್ಡ್ ಮಾಡುವ ಮೊದಲು

ನೀವು ವಿಜ್ಞಾನಿ ಆಗಬೇಕಿಲ್ಲ. ಮೆಸೇಜ್‌ನಲ್ಲಿ ಜರ್ನಲ್‌ನ ಹೆಸರು, ಪ್ರಬಂಧದ ಶೀರ್ಷಿಕೆ, ವರ್ಷ ಇದೆಯೇ ನೋಡಿ. 'ಅಮೆರಿಕದ ವಿಜ್ಞಾನಿಗಳು' ಎಂದಷ್ಟೇ ಇದ್ದರೆ ಅಲ್ಲಿಗೇ ಬಿಟ್ಟುಬಿಡಿ. ಶೀರ್ಷಿಕೆ ಇದ್ದರೆ ಗೂಗಲ್‌ನಲ್ಲಿ ಹಾಕಿ, ಜೊತೆಗೆ 'ರಿಟ್ರ್ಯಾಕ್ಟೆಡ್' ಎಂಬ ಇಂಗ್ಲಿಷ್ ಪದ ಸೇರಿಸಿ ಹುಡುಕಿ. ಹಿಂತೆಗೆದುಕೊಂಡ ಪ್ರಬಂಧಗಳನ್ನು ಕಲೆಹಾಕುವ 'ರಿಟ್ರ್ಯಾಕ್ಷನ್ ವಾಚ್' ಎಂಬ ತಾಣ ಇದೆ. ವೈದ್ಯಕೀಯ ಪ್ರಬಂಧವಾದರೆ ಪಬ್‌ಮೆಡ್ ತಾಣದಲ್ಲೂ ಆ ಸೂಚನೆ ಸಿಗುತ್ತದೆ. ವೇಕ್‌ಫೀಲ್ಡ್ ಪ್ರಬಂಧವನ್ನು ಇಂದು ಲ್ಯಾನ್ಸೆಟ್‌ನಲ್ಲಿ ತೆರೆದರೆ ಪುಟದ ಮೇಲೆ ಅದೇ ಪದ ಕೆಂಪಕ್ಷರದಲ್ಲಿ ಕಾಣುತ್ತದೆ. ಫಾರ್ವರ್ಡ್‌ನ ಒಂದು ಸಾಲಿನಲ್ಲಿ ಅದು ಎಲ್ಲಿ ಕಾಣಬೇಕು?

ಪ್ರಬಂಧ ಸಿಕ್ಕರೆ ಮೊದಲು ಎಣಿಕೆ ನೋಡಿ. ಪ್ರಯೋಗ ಮನುಷ್ಯರ ಮೇಲೆ ನಡೆದದ್ದೋ, ಇಲಿಗಳ ಮೇಲೋ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೋ? ಮನುಷ್ಯರಾದರೆ ಎಷ್ಟು ಜನ? ಆಮೇಲೆ ಕೊನೆಯ ಪುಟದಲ್ಲಿ ಹಣ ಯಾರು ಕೊಟ್ಟರು ಎಂಬ ಸಾಲು ಹುಡುಕಿ. ಕಷಾಯದ ಪ್ರಬಂಧಕ್ಕೆ ಕಷಾಯದ ಕಂಪನಿಯೇ ಹಣ ಕೊಟ್ಟಿದ್ದರೆ ಅದು ಸುಳ್ಳೇ ಎಂದಲ್ಲ, ಬೇರೆಯವರೂ ಅದೇ ಫಲಿತಾಂಶ ಕಂಡಿದ್ದಾರೆಯೇ ಎಂದು ನೋಡುವವರೆಗೆ ಕಾಯಬೇಕು.

ಔಷಧ ನಿಲ್ಲಿಸುವ ಅಥವಾ ಹೊಸದು ಶುರು ಮಾಡುವ ಮಾತಿದ್ದರೆ ನಿಮ್ಮ ವೈದ್ಯರನ್ನು ಕೇಳದೆ ಏನೂ ಮಾಡಬೇಡಿ. ಗ್ರೂಪ್‌ನಲ್ಲಿ ಹಿರಿಯರೊಬ್ಬರು ಇಂಥದ್ದನ್ನು ಹಾಕಿದಾಗ ಎಲ್ಲರೆದುರು 'ಇದು ಸುಳ್ಳು' ಎಂದರೆ ಜಗಳವಾಗುತ್ತದೆ. 'ದೊಡ್ಡಪ್ಪಾ, ಆ ಪ್ರಬಂಧದ ಲಿಂಕ್ ಇದ್ದರೆ ಕಳಿಸಿ, ಓದ್ತೀನಿ' ಎಂದು ಕೇಳಿ ನೋಡಿ.